ಕೆಂಪು ಗುರುತಿನ ಕಲ್ಲಿನಿಂದ ಮೇಲೆ

ನಾಲ್ಕನೆಯ ಸಲವೂ ಅದೇ ಉತ್ತರ ಬಂದಾಗ ಪಂಕಜಾ ಕೂತಲ್ಲಿಂದಲೇ ಕಾಲಿನ ಚಪ್ಪಲಿಯನ್ನು ಗೋಡೆಗೆ ಬೀಸಿ ಒದ್ದಳು. ಗೋಡೆಗೇನೂ ಆಗಲಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಆ ದಿನ ಪ್ರಯೋಗಾಲಯದಲ್ಲಿ ಅವಳ ಕೈಯಿಂದ, ಅಲ್ಲ, ಕಾಲಿನಿಂದ ಆದ ಬದಲಾವಣೆ ಅದೊಂದೇ.

ಪಂಕಜಾ ಹೊಸದುರ್ಗದವಳು. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ನೀರಿನ ಹುಳುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮಾಡುತ್ತಲೇ ಇದ್ದಳು ಎಂದರೆ ಇನ್ನೂ ಸರಿ. ಜೊತೆಗೆ ಸೇರಿದವರಿಗೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ನರ್ಸರಿಗೂ ಹೋಗಲು ಶುರುಮಾಡಿದ್ದರು. ಇವಳು ಮಾತ್ರ ಮುನಿರ್ಕಾದ ಅದೇ ಬಾಡಿಗೆ ಕೋಣೆಯಲ್ಲಿ, ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯ ಗ್ಯಾಸ್ ಒಲೆ ಆರಿಸಬಹುದಾದಷ್ಟು ಇಕ್ಕಟ್ಟಿನಲ್ಲಿ, ಅದೇ ಹುಳುಗಳ ಲೆಕ್ಕ ಹಾಕುತ್ತಾ ಉಳಿದಿದ್ದಳು.

ಹುಳುವಿನ ಹೆಸರು ಮೇಫ್ಲೈ. ಬದುಕಿನ ಬಹುಪಾಲನ್ನು ಮರಿಯಾಗಿ ನೀರೊಳಗೇ ಕಳೆಯುತ್ತದೆ. ರೆಕ್ಕೆ ಬಂದ ಮೇಲೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ. ಜೋಡಿ ಹುಡುಕಿ, ಮೊಟ್ಟೆಯಿಟ್ಟು, ಸತ್ತುಹೋಗುತ್ತದೆ. "ದೀಪದ ಹುಳ ಓದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೆ? ನಮ್ಮನೆ ಟ್ಯೂಬ್‌ಲೈಟಿಗೇ ಬರ್ತವಲ್ಲ" ಎಂದು ಅವಳಮ್ಮ ಫೋನಿನಲ್ಲಿ ಕೇಳುತ್ತಿದ್ದಳು. ಈಚೀಚೆಗೆ ಪಂಕಜಾಳಿಗೂ ಆ ಪ್ರಶ್ನೆಯಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಅವಳು ತೋರಿಸಬೇಕಾಗಿದ್ದ ವಿಷಯ ಕೇಳಲು ಬಲು ಸಲೀಸು. ನಿಂತ ನೀರನ್ನು ನಂಬುವಂತಿಲ್ಲ. ಹರಿಯಾಣದವರು ಜೋಹಡ್ ಎನ್ನುವ ಊರ ಹೊಂಡ ಈ ವರ್ಷ ತುಂಬಿರುತ್ತದೆ, ಮುಂದಿನ ವರ್ಷ ಒಣಗುತ್ತದೆ, ಅದರ ಮುಂದಿನ ವರ್ಷ ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿರುತ್ತದೆ. ಆದ್ದರಿಂದ ಹೊಂಡದ ಹುಳುಗಳು, ಮುನಿರ್ಕಾದ ಬಾಡಿಗೆದಾರರ ಹಾಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎದ್ದು ಹೋಗುತ್ತಲೇ ಇರುತ್ತವೆ. ಹೋದಲ್ಲೆಲ್ಲ ಸಂಬಂಧ ಬೆಳೆಸುತ್ತವೆ. ಹೀಗಾಗಿ ನಜಫಗಢದ ಹೊಂಡದಿಂದ ಸೋಹ್ನಾದ ಹೊಂಡದವರೆಗೆ ಅವುಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಝರಿಯ ಕಥೆ ಬೇರೆ. ವರ್ಷವಿಡೀ ಹರಿಯುವ ನೀರನ್ನು ಬಿಟ್ಟು ಯಾರು ಯಾಕೆ ಹೋಗಬೇಕು? ಅಲ್ಲಿನ ಹುಳುಗಳು ತಲೆತಲಾಂತರದಿಂದ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತವೆ, ಒಂದೊಂದು ಝರಿಯ ಡಿಎನ್‌ಎಯಲ್ಲೂ ಅದರದ್ದೇ ಗುರುತುಗಳು ಮೂಡುತ್ತವೆ. ಜಾತಿ ಒಂದೇ ಆದರೂ, ನೋಡಲು ಅವಳಿ-ಜವಳಿಯಂತಿದ್ದರೂ, ಒಳಗೆ ಅವು ಪರಸ್ಪರ ಪರಕೀಯರು.

ಹೊಂಡಗಳು ಹೇಳಿದಂತೆ ಕೇಳಿದವು. ಶಿವಾಲಿಕ್ ಬೆಟ್ಟದ ಬುಡದ ಝರಿ, ಅಲ್ವರ್ ಕಡೆಯ ಝರಿ ಎರಡೂ ಕೇಳಿದವು. ಕೈಕೊಟ್ಟದ್ದು ಫರೀದಾಬಾದಿನ ಬಳಿ ಅರಾವಳಿಯ ಗುಡ್ಡದಲ್ಲಿದ್ದ ಮೂರನೆಯ ಝರಿ. ಅದರ ಹುಳುಗಳಲ್ಲಿ ಸ್ವಂತದ ಗುರುತು ಎಳ್ಳುಕಾಳಷ್ಟೂ ಇರಲಿಲ್ಲ. ಯಾವ ಕೋನದಿಂದ ನೋಡಿದರೂ ಅವು ಹೊಂಡದ ಹುಳುಗಳೇ. ಹಾಳಾಗಿ ಹೋಗಲಿ, ಒಂದು ಝರಿ ಹೀಗೆ, ಎಂದು ಬಿಡುವ ಹಾಗೂ ಇರಲಿಲ್ಲ, ಏಕೆಂದರೆ ಅದು ಪ್ರೊಫೆಸರ್ ಅನಂತಮೂರ್ತಿಯವರ ಝರಿ.

ಅನಂತಮೂರ್ತಿ ಅವಳ ಗೈಡ್. ಮೈಸೂರಿನವರು, ಸಾಧು ಮನುಷ್ಯ. ಯುಗಾದಿಗೆ ಕನ್ನಡದ ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕರೆದು, ಸಾಕು ಸಾಕು ಎಂದರೂ ಬಿಡದೆ ಹೋಳಿಗೆ ಬಡಿಸುವವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಪಂಕಜಾಳಿಗೆ ಕಷ್ಟವಾಗುತ್ತಿದ್ದುದು ಆ ಹೋಳಿಗೆಯಿಂದಲೇ. ಅವರು ಹೆಸರು ಮಾಡಿದ್ದು ಯೌವನದಲ್ಲಿ ಈ ಝರಿಯ ಬಗ್ಗೆ ಬರೆದ ಲೇಖನದಿಂದ: ಒಣ ಅರಾವಳಿಯ ನಡುವೆ ಬೇಸಿಗೆಯಲ್ಲೂ ಬತ್ತದ ಬುಗ್ಗೆ, ಅದರಲ್ಲಿ ಇಂತಿಂಥ ಹುಳುಗಳು. ಅವರ ಕೋಣೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇತ್ತು. ಕರಿಗೂದಲಿನ ಅನಂತಮೂರ್ತಿ ಝರಿಯ ಮಧ್ಯದ ಬಂಡೆಯ ಮೇಲೆ ಕುಳಿತು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಾರೆ. ಬಂಡೆಯ ಮೇಲೆ ಅವರೇ ಬಳಿದ ಕೆಂಪು ಗುರುತು.

ಆ ಗುರುತು ಆ ಪ್ರಯೋಗಾಲಯದ ಕುಲದೇವರು. ಹೊಸದಾಗಿ ಸೇರಿದ ವಿದ್ಯಾರ್ಥಿ ಮೊದಲ ಸಲ ಝರಿಗೆ ಹೋದಾಗ ಅದಕ್ಕೆ ಹೊಸ ಬಣ್ಣ ಬಳಿಯಬೇಕು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಬಾಳೆಹಣ್ಣು ತಿನ್ನುತ್ತಾರೆ. ಹುಳು ಹಿಡಿಯುವುದು ಕಲ್ಲಿನಿಂದ ಕೆಳಗೆ, ನೀರು ಹರಿದುಹೋಗುವ ಕಡೆಯಷ್ಟೇ. ಕಲ್ಲು ದಾಟಿ ಮೇಲೆ ಯಾರೂ ಕಾಲಿಡಕೂಡದು. ಇದು ಮೂಢನಂಬಿಕೆಯಲ್ಲ, ಸರಿಯಾದ ನಿಯಮವೇ: ಮೇಲೆ ನಡೆದಾಡಿದರೆ ತಳದ ಮಣ್ಣು ಕದಡಿ, ಅಲ್ಲಿನ ಹುಳುಗಳು ಕೊಚ್ಚಿಕೊಂಡು ಬಂದು, ಕೆಳಗಿನ ಲೆಕ್ಕ ಕೆಟ್ಟುಹೋಗುತ್ತದೆ. ಪ್ರಪಂಚದ ಎಲ್ಲ ಕಡೆ ಹೀಗೇ ಮಾಡುತ್ತಾರೆ. ಹೀಗಾಗಿ ವರ್ಷಗಟ್ಟಲೆ ಎಷ್ಟೋ ಮಂದಿ ಆ ಝರಿಗೆ ಹೋದರು, ಬಂದರು, ಡಾಕ್ಟರುಗಳಾದರು. ಕಲ್ಲಿನ ಮೇಲ್ಗಡೆ ಏನಿದೆಯೆಂದು ಒಬ್ಬರೂ ನೋಡಲಿಲ್ಲ. ಅಲ್ಲಿ ಝರಿ ಒಂದು ತಿರುವು ತೆಗೆದುಕೊಂಡು ಜಾಲಿಯ ಪೊದೆಯೊಳಗೆ ಮರೆಯಾಗುತ್ತಿತ್ತು. ಗುಡ್ಡದಾಚೆಯಿಂದ ಕಲ್ಲುಗಣಿಯ ಕ್ರಷರಿನ ಸದ್ದು ದಿನವಿಡೀ ಕೇಳುತ್ತಿತ್ತು.

ಮೊದಲ ಸಲ ಈ ವಿಚಿತ್ರ ಉತ್ತರ ಬಂದಾಗ ಅನಂತಮೂರ್ತಿ ಎಲ್ಲರೂ ಸೇರಿದ್ದ ಲ್ಯಾಬ್ ಮೀಟಿಂಗಿನಲ್ಲಿ ನಕ್ಕುಬಿಟ್ಟಿದ್ದರು.

"ವಯಲ್ ಅದಲುಬದಲಾಗಿದೆ ನೋಡಮ್ಮ. ಹೊಂಡದ್ದು ಇಲ್ಲಿ, ಝರಿದು ಅಲ್ಲಿ. ಆಗುತ್ತೆ, ಎಲ್ಲರಿಗೂ ಒಂದ್ಸಲ ಆಗುತ್ತೆ."

ಬೆರಳುದ್ದದ ಆ ಸೀಸೆಗಳ ಮೇಲೆ ಪೆನ್ಸಿಲಿನಲ್ಲಿ, ಒಳಗಿನ ಚೀಟಿಯ ಮೇಲೆ ಇನ್ನೊಮ್ಮೆ, ಊರು ತಾರೀಖು ಬರೆದವಳು ಅವಳೇ. ಅದಲುಬದಲಾಗುವುದು ಸಾಧ್ಯವೇ ಇರಲಿಲ್ಲ. ಹಾಗೆಂದಳು. ಅವರು ಮತ್ತೆ ನಕ್ಕರು. ಎರಡನೆಯ ಸಲವೂ ಅದೇ ಬಂದಾಗ ನಗಲಿಲ್ಲ. ಮೂರನೆಯ ಸಲ ಬಂದಾಗ, ಇನ್ನು ಮೇಲೆ ಪಂಕಜಾಳ ಸೀಸೆಗಳನ್ನು ಜೂನಿಯರ್ ಶ್ರೇಯಸ್ ಒಮ್ಮೆ ಪರೀಕ್ಷಿಸಿ ಫ್ರಿಜ್ಜಿಗಿಡಲಿ ಎಂದು ಅಪ್ಪಣೆಯಾಯಿತು. ಮೊನ್ನೆ ಮೊನ್ನೆ ಪಿಪೆಟ್ ಹಿಡಿಯಲು ತಾನೇ ಹೇಳಿಕೊಟ್ಟ ಹುಡುಗ ತನ್ನ ಕೈಬರಹಕ್ಕೆ ಟಿಕ್ ಹಾಕುವುದನ್ನು ನಿಂತು ನೋಡುವಾಗ ಪಂಕಜಾಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಪಾಪ, ಅವನೂ ತಲೆಯೆತ್ತುತ್ತಿರಲಿಲ್ಲ.

ಈಗ ನಾಲ್ಕನೆಯ ಸಲ. ಉಂಗುಷ್ಟ ಕಿತ್ತ ಚಪ್ಪಲಿ ಎಳೆದುಕೊಂಡೇ ಅವಳು ಗೈಡ್ ಕೋಣೆಗೆ ಹೋದಳು.

"ನೋಡಮ್ಮ," ಅಂದರು ಅನಂತಮೂರ್ತಿ, ಕನ್ನಡಕ ಒರೆಸುತ್ತಾ. "ಜೂನ್ ಕೊನೆಗೆ ನಾನು ರಿಟೈರ್ ಆಗ್ತೀನಿ. ಅಷ್ಟರೊಳಗೆ ನಿನ್ನ ಥೀಸಿಸ್‌ಗೆ ಸಹಿ ಹಾಕಿ ಕಳಿಸ್ಬೇಕು ಅಂತ ನಂಗೂ ಆಸೆ. ಆದ್ರೆ ಈ ಚಾಪ್ಟರ್ ಹೀಗಿದ್ರೆ ಹೇಗೆ ಹಾಕ್ಲಿ? ಹೋಗಿ ಹೊಸದಾಗಿ ಹುಳ ಹಿಡ್ಕೊಂಡು ಬಾ. ವಯಲ್ ಮೇಲೆ ನಾನೇ ಸೈನ್ ಮಾಡ್ತೀನಿ, ಸರೀನಾ?"

"ಸರ್, ನಾಲ್ಕು ಸಲ ಮಾಡಿದೀನಿ. ನಾಲ್ಕು ಸಲವೂ ನಾನೇ ತಪ್ಪು ಮಾಡಿರ್ತೀನಾ?"

"ಮತ್ತೆ ಝರಿ ತಪ್ಪು ಮಾಡಿರುತ್ತಾ?" ಎಂದು ಕೇಳಿದರು ಅವರು, ಮೆತ್ತಗೆ.

ಅವರು ಹೋದ ಮೇಲೆ ಹೊಸ ಗೈಡ್ ಹುಡುಕುವುದೆಂದರೆ ಹೊಸ ಅರ್ಜಿ, ಹೊಸ ಸಮಿತಿ, ಅವರ ಹೊಸ ಪ್ರಶ್ನೆಗಳು. ಇನ್ನೊಂದು ವರ್ಷ ಹೋಗುವುದು ಖಂಡಿತ. ಇನ್ನೇನು ಮುಗಿಯಿತು ಎಂದು ಅಮ್ಮನಿಗೆ ಇನ್ನೊಂದು ವರ್ಷ ಸುಳ್ಳು ಹೇಳುವ ತ್ರಾಣ ಪಂಕಜಾಳಲ್ಲಿ ಉಳಿದಿರಲಿಲ್ಲ. ಸರಿ ಸರ್ ಎಂದು ಹೊರಗೆ ಬಂದಳು.

ಬಂದರೆ ಡಿಪಾರ್ಟ್‌ಮೆಂಟಿನ ಜೀಪು ಇಲ್ಲ. 2009ರ ಮೇ ತಿಂಗಳು, ಲೋಕಸಭೆ ಚುನಾವಣೆ. ಜೀಪನ್ನು ಡ್ರೈವರ್ ಸಮೇತ ಎಲೆಕ್ಷನ್ ಡ್ಯೂಟಿಗೆ ಎತ್ತಿಕೊಂಡು ಹೋಗಿದ್ದರು. ಮತ ಎಣಿಕೆ ಮುಗಿದ ಮೇಲೆ ನೋಡೋಣ ಎಂದರು ಆಫೀಸಿನವರು. ದೇಶವನ್ನು ಯಾರು ಆಳಬೇಕೆಂಬುದು ತೀರ್ಮಾನವಾಗುವವರೆಗೆ ಪಂಕಜಾಳ ಹುಳುಗಳು ಕಾಯಬೇಕಂತೆ.

ಕೊನೆಗೆ ಸಹಾಯಕ್ಕೆ ಬಂದವಳು ರೂಮ್‌ಮೇಟ್ ಫ್ಲೇವಿಯಾ. ಕಾರ್ಕಳದವಳು, ಗುಡಗಾಂವಿನ ಐಟಿ ಕಂಪನಿಯಲ್ಲಿ ಕೆಲಸ. ಸ್ಕೂಟಿ ಇತ್ತು, ಭಾನುವಾರ ರಜೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಪಂಕಜಾಳ ಗೋಳು ಕೇಳಿ ಕೇಳಿ ಅವಳಿಗೂ ತಲೆ ಚಿಟ್ಟು ಹಿಡಿದಿತ್ತು.

"ಹೋಗಿ ಆ ಹುಳಗಳನ್ನು ಹಿಡ್ಕೊಂಡು ಬರುವ ಮಾರಾಯ್ತಿ," ಅಂದಳು. "ಇಲ್ಲದಿದ್ದರೆ ನೀನು ನನ್ನ ತಲೆ ತಿಂದು ಮುಗಿಸ್ತಿ."

ಮೆಹ್ರೌಲಿ ದಾಟಿ, ಸೂರಜ್‌ಕುಂಡದ ರಸ್ತೆ ಹಿಡಿದು, ಅಲ್ಲಿಂದ ಗುಡ್ಡದ ಮಣ್ಣು ದಾರಿಗೆ ಇಳಿಯುವಷ್ಟರಲ್ಲಿ ಇಬ್ಬರ ಮುಖವೂ ಬಿಸಿಗಾಳಿಗೆ ಕೆಂಡದಂತಾಗಿತ್ತು. ಫ್ಲೇವಿಯಾ ದಾರಿಯುದ್ದಕ್ಕೂ ಬೈದಳು: ಬಿಸಿಲನ್ನು, ಹುಳುಗಳನ್ನು, ಇಂಥ ಊರಿಗೆ ಬಂದ ತನ್ನ ಗ್ರಹಚಾರವನ್ನು. ಪಂಕಜಾಳಿಗೆ ಮಾತ್ರ ಏನೋ ಕಮ್ಮಿಯಾಗಿದೆ ಎನ್ನಿಸುತ್ತಿತ್ತು. ಏನೆಂದು ಹೊಳೆಯಲಿಲ್ಲ. ಸ್ಕೂಟಿ ನಿಲ್ಲಿಸಿ ಬಲೆ ಹೆಗಲಿಗೇರಿಸಿದಾಗ ಗೊತ್ತಾಯಿತು. ಸದ್ದಿರಲಿಲ್ಲ. ಕ್ರಷರ್ ಇಲ್ಲ, ಲಾರಿಗಳಿಲ್ಲ. ನವಿಲೊಂದು ಎಲ್ಲೋ ಕೂಗುತ್ತಿತ್ತು.

ಇಳಿದು ನೋಡಿದರೆ ನೀರೂ ಇರಲಿಲ್ಲ.

ಕೆಂಪು ಗುರುತಿನ ಕಲ್ಲು ಒಣ ಮರಳಿನ ಮೇಲೆ ಬೋಳಾಗಿ ಕೂತಿತ್ತು. ಬೇಸಿಗೆಯಲ್ಲೂ ಬತ್ತದ ಬುಗ್ಗೆ! ಕಲ್ಲಿನ ಬುಡದ ಗುಳಿಯಲ್ಲಿ ಒಂದಷ್ಟು ನೀರು ಉಳಿದಿತ್ತು, ಅದರಲ್ಲಿ ಮೇಫ್ಲೈ ಮರಿಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಪಂಕಜಾ ಮರಳಿನ ಮೇಲೆ ಕುಸಿದು ಕುಳಿತಳು. ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬರೀ ಸಿಟ್ಟು. ಇಷ್ಟು ವರ್ಷ ಹರಿದ ನೀರಿಗೆ, ಇನ್ನೊಂದು ತಿಂಗಳು ಹರಿಯಲು ಏನು ಧಾಡಿಯಾಗಿತ್ತು? ತನ್ನ ಹಣೆಬರಹ ಓದಿಕೊಂಡೇ ನಿಂತುಹೋಯಿತೇ?

"ನೀನು ಕೂತಿರು, ನಂಗೆ ಅರ್ಜೆಂಟು," ಎಂದು ಫ್ಲೇವಿಯಾ ಮರೆ ಹುಡುಕುತ್ತಾ ಹೊರಟಳು. ಹೊರಟದ್ದು ಕಲ್ಲು ದಾಟಿ ಮೇಲೆ.

"ಏ ಫ್ಲೇವಿ, ಆ ಕಡೆ ಹೋಗ್ಬೇಡ!"

"ಯಾಕೆ, ಹಾವುಂಟಾ?"

ಯಾಕೆಂದು ಹೇಳಲು ಪಂಕಜಾ ಬಾಯಿ ತೆರೆದಳು. ತಳ ಕದಡುತ್ತದೆ ಎನ್ನಲು ತಳದಲ್ಲಿ ನೀರೇ ಇರಲಿಲ್ಲ. ಫ್ಲೇವಿಯಾ ತಿರುವಿನಾಚೆ ಜಾಲಿಯ ಹಿಂದೆ ಮರೆಯಾದಳು. ತುಸು ಹೊತ್ತಿಗೆ ಅವಳ ದನಿ ಕೇಳಿತು.

"ಪಂಕೀ! ಇಲ್ಲಿ ಎಂತದೋ ದೊಡ್ಡ ಪೈಪ್ ಉಂಟು ಮಾರಾಯ್ತಿ!"

ಒಣ ಝರಿಯಲ್ಲೂ ಆ ಕಲ್ಲನ್ನು ದಾಟುವಾಗ ಪಂಕಜಾಳ ಕಾಲು ಒಂದು ಗಳಿಗೆ ತಡೆಯಿತು. ದಾಟಿದಳು. ತಿರುವಿನಾಚೆ ಝರಿ ಮುಗಿದೇಹೋಗಿತ್ತು. ಅಲ್ಲಿ ಬುಗ್ಗೆಯಿರಲಿಲ್ಲ, ಒರತೆಯಿರಲಿಲ್ಲ. ಗುಡ್ಡದ ನೆತ್ತಿಯಿಂದ ಇಳಿದುಬಂದ ಕಬ್ಬಿಣದ ಕೊಳವೆಯೊಂದು ಬಾಯಿ ತೆರೆದುಕೊಂಡು ಮಲಗಿತ್ತು. ಬಾಯಿಯಿಂದ ಒಂದೊಂದೇ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ತುಕ್ಕು ಹಿಡಿದು ಹೊಪ್ಪಳಿಕೆ ಏಳುತ್ತಿದ್ದ ಹಳೆಯ ಕೊಳವೆ, ಅದನ್ನು ತಬ್ಬಿಕೊಂಡು ಅರಳಿಯ ಬೇರೊಂದು ತೋಳಿನಷ್ಟು ದಪ್ಪವಾಗಿತ್ತು.

ಕೊಳವೆಯ ಗುಂಟ ನೆತ್ತಿ ಹತ್ತಿದರು. ಆಚೆ ಕೆಳಗೆ ಗಣಿ. ಕಲ್ಲು ತೆಗೆದು ತೆಗೆದು ಪಾತಾಳ ಮುಟ್ಟಿದ ಗುಂಡಿ, ಅದರ ತುಂಬ ಹಸಿರು ನಿಂತ ನೀರು, ದಡದಲ್ಲಿ ಸ್ತಬ್ಧವಾದ ಪಂಪು. ಗಣಿ ಒಣಗಿಸಲು ಅವರು ಹಗಲೂ ರಾತ್ರಿ ನೀರೆತ್ತಿ ಈಚೆಗೆ ಸುರಿದಿದ್ದರು. ಈಚೆಗೆ ಸುರಿದ ನೀರನ್ನು ಇವರು ಝರಿ ಎಂದು ಕರೆದಿದ್ದರು. ಕೋರ್ಟು ಅರಾವಳಿಯ ಗಣಿಗಳನ್ನು ನಿಲ್ಲಿಸಿದೆಯೆಂದು ಮೊನ್ನೆ ಪೇಪರಿನಲ್ಲಿ ಓದಿದ್ದು ಪಂಕಜಾಳಿಗೆ ಈಗ ನೆನಪಾಯಿತು. ಓದಿ ಒಳ್ಳೆಯದಾಯಿತು ಎಂದುಕೊಂಡು, ಅದೇ ಪೇಪರಿನಲ್ಲಿ ಪರಾಠಾ ಕಟ್ಟಿಕೊಂಡು ಲ್ಯಾಬಿಗೆ ಹೋಗಿದ್ದಳು.

ಹಾಗಾದರೆ ಹುಳುಗಳು ಸುಳ್ಳು ಹೇಳಿರಲಿಲ್ಲ. ಗಣಿಯ ಗುಂಡಿಗೆ ಹೊಂಡಗಳಿಂದ ಹಾರಿಬಂದು, ಪಂಪಿನ ನೀರಿನ ಜೊತೆ ಮೊಟ್ಟೆ ಮರಿಯಾಗಿ ಈಚೆಗೆ ಬಿದ್ದ ವಲಸಿಗರು ಅವು. ಅವುಗಳಿಗೆ ಈ ನೀರು ನಿನ್ನೆ ಮೊನ್ನೆಯದು, ಬೇರೆ ಗುರುತು ಮೂಡಲು ಕಾಲವೇ ಸಿಕ್ಕಿರಲಿಲ್ಲ. ನಾಲ್ಕು ಸಲ ಕೇಳಿದರೂ ನಾಲ್ಕು ಸಲವೂ ಇದನ್ನೇ ಹೇಳಿದ್ದವು. ಪಂಕಜಾಳಿಗೆ ಸಂತೋಷವಾಯಿತೆಂದು ಹೇಳಬೇಕು. ಆದರೆ ಅವಳು ಬಗ್ಗಿ ಒಂದು ಕಲ್ಲನ್ನೆತ್ತಿ ಆ ಪಂಪಿನತ್ತ ಎಸೆದಳು, ಆಮೇಲೆ ಇನ್ನೊಂದು. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದಳು. ಶ್ರೇಯಸ್ ಹಾಕಿದ ಒಂದೊಂದು ಟಿಕ್ಕಿಗೂ ಒಂದು ಕಲ್ಲು. ಫ್ಲೇವಿಯಾ ತಡೆಯಲಿಲ್ಲ, ತನ್ನ ಕ್ಯಾಮೆರಾ ತೆಗೆದು ಕೊಳವೆಯ ಫೋಟೋ ಹೊಡೆಯುತ್ತಾ ನಿಂತಳು.

ಮಾರನೆಯ ದಿನ ಅನಂತಮೂರ್ತಿ ಆ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಈಚೆಗೆ ಹಾಕಿರ್ತಾರೆ."

"ಅರಳಿ ಬೇರು ಸುತ್ತಿಕೊಂಡಿದೆ ಸರ್. ನನ್ನ ತೋಳಷ್ಟು ದಪ್ಪ."

"ನಾನು ಹೋದಾಗ ಇರಲಿಲ್ಲ."

"ನೀವು ಮೇಲೆ ಹೋಗಿ ನೋಡಿದ್ರಾ ಸರ್?"

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಹೋಳಿಗೆ ಬಡಿಸುವಾಗಿನ ಅದೇ ದನಿಯಲ್ಲಿ ಹೇಳಿದರು: "ಒಂದು ಕೆಲಸ ಮಾಡಮ್ಮ. ಆ ಝರೀನ ತೆಗೆದುಬಿಡು. ಇನ್ನೆರಡು ಚೆನ್ನಾಗಿವೆ, ಅಷ್ಟು ಸಾಕು. ಯಾರೂ ಕೇಳಲ್ಲ. ನಾಳೆ ಪ್ರಿಂಟ್ ತಗೊಂಡು ಬಾ, ಸಹಿ ಹಾಕಿಕೊಡ್ತೀನಿ."

"ಮತ್ತೆ ವಯಲ್, ಸರ್?"

"ಯಾವ ವಯಲ್?"

"ನಾನು ಅದಲುಬದಲು ಮಾಡಿಲ್ಲ ಅಂತ ಮೀಟಿಂಗಲ್ಲಿ ಒಂದು ಮಾತು ಹೇಳಿ ಸರ್. ಎಲ್ಲರ ಮುಂದೆ ತಾನೇ ಅಂದಿದ್ದು."

"ಅದೆಲ್ಲ ಯಾಕಮ್ಮ ಈಗ," ಅಂದರು ಅನಂತಮೂರ್ತಿ. "ಟೀ ತರಿಸ್ಲಾ?"

ಟೀ ಬೇಡ ಎಂದು ಬಂದಳು. ಮುನಿರ್ಕಾದ ಕೋಣೆಯಲ್ಲಿ ಫ್ಲೇವಿಯಾ ಕೇಳಿದ ತಕ್ಷಣ ಚಪ್ಪಾಳೆ ತಟ್ಟಿದಳು. ತೆಗೆದುಬಿಡು, ಸಹಿ ಹಾಕಿಸಿಕೋ, ನಿನಗೆ ಡಾಕ್ಟರ್ ಆಗಬೇಕಾ, ಇಲ್ಲ ಸತ್ಯ ಹರಿಶ್ಚಂದ್ರ ಆಗಬೇಕಾ? ಪಂಕಜಾಳಿಗೂ ಡಾಕ್ಟರೇ ಆಗಬೇಕಿತ್ತು. ನಾಳೆಯೇ ಅಮ್ಮನಿಗೆ ಫೋನ್ ಮಾಡಿ ಮುಗೀತಮ್ಮ ಅನ್ನಬೇಕಿತ್ತು. ಕಂಪ್ಯೂಟರ್ ತೆರೆದು, ಝರಿಗಳ ಪಟ್ಟಿಯಿಂದ ಮೂರನೆಯದನ್ನು ಅಳಿಸಿದಳು. ನಕ್ಷೆ ನೀಟಾಗಿ ಬಂತು. ಅಳಿಸಿದ ಜಾಗವನ್ನೇ ನೋಡುತ್ತಾ ಕುಳಿತಳು. ಎರಡು ವರ್ಷದ ಅವಮಾನ ಅಲ್ಲಿತ್ತು, ಅದನ್ನು ಅಳಿಸಿದರೆ ಉಳಿಯುವುದು ಒಂದೇ ಮಾತು: ಪಂಕಜಾ ಸೀಸೆ ಅದಲುಬದಲು ಮಾಡಿದಳು.

ಅಳಿಸಿದ್ದನ್ನು ವಾಪಸು ತಂದಳು. ತಂದು ಹೊಂಡಗಳ ಸಾಲಿನಲ್ಲಿ ಕೊನೆಗೆ ಇಟ್ಟಳು. ಒಂದೇ ಒಂದು ಸಾಲನ್ನು ಅಲ್ಲಿಂದ ಇಲ್ಲಿಗೆ ಸರಿಸಿದ್ದಷ್ಟೇ, ಇಡೀ ನಕ್ಷೆ ಸರಕ್ಕನೆ ಕೂಡಿಕೊಂಡಿತು. ಎರಡು ವರ್ಷ ಅವಳ ನಿದ್ದೆ ತಿಂದ ಹುಳುಗಳು ತಮ್ಮ ಬಳಗದವರ ನಡುವೆ ಹಾಯಾಗಿ ಕುಳಿತಿದ್ದವು. ಇಷ್ಟೇ ಇತ್ತೇ, ಎಂದು ಅವಳು ಮೇಜಿಗೊಂದು ಗುದ್ದು ಕೊಟ್ಟಳು.

ಮರುದಿನ ಅನಂತಮೂರ್ತಿ ಪೆನ್ನಿನ ಕ್ಯಾಪ್ ತೆಗೆದುಕೊಂಡೇ ಕಾಯುತ್ತಿದ್ದರು. ಪುಟ ಮಗುಚುತ್ತಾ ಮಗುಚುತ್ತಾ ಆ ಅಧ್ಯಾಯಕ್ಕೆ ಬಂದರು. ಝರಿಗಳು ಎರಡೇ ಇರುವುದನ್ನು ನೋಡಿ ತಲೆದೂಗಿದರು. ಹೊಂಡಗಳ ಸಾಲಿನ ಕೊನೆಯಲ್ಲಿ 'ಗಣಿಯಿಂದ ಪಂಪು ಮಾಡಿದ ನೀರು' ಎಂದಿತ್ತು. ಅದರ ಕೆಳಗೆ, ಇದನ್ನು ಹಿಂದೆ ನೈಸರ್ಗಿಕ ಬುಗ್ಗೆಯೆಂದು ವರ್ಣಿಸಲಾಗಿದೆ ಎಂಬ ಟಿಪ್ಪಣಿ, ಪಕ್ಕದಲ್ಲಿ ಅವರದೇ ಲೇಖನದ ಹೆಸರು.

ಅವರು ಪೆನ್ನಿಗೆ ಕ್ಯಾಪ್ ಹಾಕಿದರು.

"ನಿಂಗೆ ಸಹಿ ಬೇಡ ಅನ್ಸುತ್ತೆ."

"ಬೇಕು ಸರ್. ಇದಕ್ಕೇ ಬೇಕು."

"ಇದಕ್ಕೆ ನನ್ನ ಕೈಲಿ ಆಗಲ್ಲಮ್ಮ. ಮುಂದೆ ಬರೋರ ಹತ್ರ ಹಾಕಿಸ್ಕೋ."

ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಪಂಕಜಾಳ ತಲೆಯಲ್ಲಿ ಉಳಿದದ್ದು ಒಂದೇ: ಒಂದು ವರ್ಷ ಸರ್, ಇನ್ನೊಂದು ವರ್ಷ. ಹಲ್ಲು ಕಚ್ಚಿ ಕಾಗದಗಳನ್ನು ಒಟ್ಟುಮಾಡಿ ಎದೆಗವಚಿಕೊಂಡಳು. ಬಾಗಿಲಿನವರೆಗೆ ಹೋಗಿದ್ದಳು.

"ಪಂಕಜಾ."

ತಿರುಗಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಕರಿಗೂದಲಿನ ಹುಡುಗ ಕೆಂಪು ಗುರುತಿನ ಕಲ್ಲಿನ ಮೇಲೆ ಕುಳಿತು ಮೊಸರನ್ನ ತಿನ್ನುತ್ತಿದ್ದ.

"ಆ ಪೈಪು, ಕಲ್ಲಿನಿಂದ ಎಷ್ಟು ದೂರ ಇದೆ?"

ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಸಿಟ್ಟಿನಲ್ಲಿ ಅವಳು ಏನು ಬೇಕಾದರೂ ಅನ್ನಬಹುದಿತ್ತು. ಇದ್ದದ್ದನ್ನೇ ಹೇಳಿದಳು.

"ಅಲ್ಲಿ ನಿಂತು ಕೂಗಿದ್ರೆ ಕೇಳಿಸುತ್ತೆ, ಸರ್."